ಮಾವ ಕೊಟ್ಟ ಸ್ಯಾಂಪಲ್

ನನ್ನ ಸೋದರಮಾವ ಜೀವಮಾನದಲ್ಲಿ ಯಾರಿಗೂ ಅರ್ಧ ಲೋಟ ಚಾ ಕೊಟ್ಟವರಲ್ಲ, ಕೊಟ್ಟರೆ ತುಂಬಿದ ಲೋಟವೇ. ಆ ಒಳ್ಳೆಯತನವೇ ಅವರನ್ನು ಆಸ್ಪತ್ರೆಯಲ್ಲಿ ಕಳ್ಳನ ಹಾಗೆ ನಿಲ್ಲಿಸಿತು ಎಂದರೆ ನಂಬುತ್ತೀರಾ?

ಮುಂಬೈಯಲ್ಲಿ ಹೋಟೆಲು ನಡೆಸಿ, ಬೆನ್ನುಮೂಳೆ ಸವೆಸಿಕೊಂಡು ಕುಂದಾಪುರಕ್ಕೆ ಬಂದವರು. ನೋವಿಗೆ ಡಾಕ್ಟರು ಬರೆದದ್ದು ಭಾರೀ ಜೋರಿನ ಮಾತ್ರೆ. ಅದನ್ನು ರೋಗಿಯೇ ನುಂಗುತ್ತಾನೋ, ಇನ್ನೊಬ್ಬರಿಗೆ ದಾಟಿಸುತ್ತಾನೋ ಎಂದು ತಿಳಿಯಲು ಆಗಾಗ ಮೂತ್ರ ಪರೀಕ್ಷೆ!

ನರ್ಸು ಕೊಟ್ಟ ಡಬ್ಬಿಯನ್ನು ಮಾವ ತುಳುಕುವಷ್ಟು ತುಂಬಿಸಿ ತಂದರು. ನರ್ಸು ಮುಟ್ಟಿ ನೋಡಿ, "ಇದೇನು, ತಣ್ಣಗಿದೆ?" ಎಂದರು.

"ಬಿಸಿ ಮಾಡಿ ತರ್ಕಾ?" ಎಂದರು ಮಾವ.

ನಾನು ಅವರನ್ನು ಮೂಲೆಗೆ ಎಳೆದೆ. "ಬಂದದ್ದೇ ಚೂರ್ ಮಾರಾಯ್ತಿ! ಅಷ್ಟ್ ಕೊಡುಕೆ ನಾಚ್ಕಿ ಆತಿಲ್ಯಾ? ಒಂಚೂರ್ ನೀರ್ ಹಾಕ್ದೆ," ಎಂದು ಪಿಸುಗುಟ್ಟಿದರು ಮಾವ.

ಗಿರಾಕಿ ಹೆಚ್ಚಾದರೆ ಸಾಂಬಾರಿಗೆ ನಡೆಯುವ ನ್ಯಾಯ ಮೂತ್ರಕ್ಕೆ ನಡೆಯಬೇಡವೇ?

ಡಾಕ್ಟರು ನಗಲಿಲ್ಲ. ಇನ್ನೊಮ್ಮೆ ಪರೀಕ್ಷೆ ಸರಿಬರದಿದ್ದರೆ ಮಾತ್ರೆ ಬಂದ್ ಎಂದರು. ಬಸ್ಸಿನ ಮೆಟ್ಟಿಲು ಹತ್ತುವಾಗ ಹಲ್ಲು ಕಚ್ಚುವ ಮನುಷ್ಯ. ಮಾತ್ರೆಯೂ ನಿಂತರೆ ಗತಿಯೇನು?

ಮುಂದಿನ ಸಲ ಶೌಚಾಲಯದ ಬಾಗಿಲಲ್ಲೇ ಅಟೆಂಡರ್ ಕಾವಲು. ಒಳಗಿನಿಂದ ಮಾವನ ಕೂಗು: "ಹ್ವಾಯ್, ನೀವ್ ಅಲ್ಲೇ ನಿಂತ್ರೆ ಬತ್ತಿಲ್ಲೆ ಕಾಣಿ! ನಿಮ್ದ್ ಯಾವ್ ಊರ್?"

"ಬಾರ್ಕೂರ್."

ಊರು, ಮನೆ, ನೆಂಟರು ಎಲ್ಲ ವಿಚಾರಿಸಿಯಾಯಿತು. ಪರಿಚಯವಾದ ಮೇಲೆ ಬಂತು!

ಈ ಸಲ ನೀರಿನ ಬೆರಕೆ ಇರಲಿಲ್ಲ. ಆದರೆ ಮಾತ್ರೆಯ ಸುಳಿವೂ ಇರಲಿಲ್ಲ! ಡಾಕ್ಟರು ಕನ್ನಡಕ ತೆಗೆದರು. "ಮಾತ್ರೆ ಯಾರಿಗೆ ಮಾರುತ್ತಿದ್ದೀರಿ?"

ಮಾವ ಕೈಚೀಲದಿಂದ ಮಾತ್ರೆಗಳನ್ನೆಲ್ಲ ತೆಗೆದು ಮೇಜಿನ ಮೇಲಿಟ್ಟರು. ಒಂದು ಸ್ಟ್ರಿಪ್ಪನ್ನೂ ಒಡೆದಿರಲಿಲ್ಲ.

"ನೀವ್ ಪ್ರೀತಿಂದ ಬರ್ದ್ ಕೊಟ್ರಿ, ಬ್ಯಾಡ ಅಂಬುದ್ ಹ್ಯಾಂಗೆ? ಇದ್ ನುಂಗ್ರೆ ನಿದ್ರಿ ಬತ್ತ್ ಡಾಕ್ಟ್ರೆ. ಹೆಂಡ್ತಿಗೆ ಈಗ ಎಂತದೂ ನೆನಪಿಲ್ಲೆ. ಬಾಗ್ಲ್ ತೆಗ್ದ್ ಹೈವೇ ಬದಿಗ್ ಹೋತ್ಳ್. ನಾ ಮನಿಕಂಡ್ರೆ ಅವ್ಳನ್ ಕಾಂಬರ್ ಯಾರ್?"

ವಾರವಾರ ಅವರ ಮನೆಗೆ ಹೋಗಿ ಚಾ ಕುಡಿದು ಬರುವ ನನಗೆ ಅತ್ತೆಯ ಮರೆವು ಗೊತ್ತಿತ್ತು, ಅದಕ್ಕಾಗಿ ಮಾವ ಮಾತ್ರೆ ಬಿಟ್ಟದ್ದು ಗೊತ್ತಿರಲಿಲ್ಲ. ಡಾಕ್ಟರು ಮೆತ್ತಗಾದರು, ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾತ್ರ ನುಂಗಿ ಎಂದರು.

ಅದೇ ಮಧ್ಯಾಹ್ನ ನಾನು ಮಾವನ ಮನೆಯ ಬಾಗಿಲಿಗೆ ಅಡ್ಡ ಕುಳಿತೆ. ಮಾವ ಮಾತ್ರೆ ನುಂಗಿ ಮಲಗಿದರು. ಅತ್ತೆ ಮೆಲ್ಲನೆ ಬಂದು, ಅವರ ಮುಖವನ್ನು ತುಂಬ ಹೊತ್ತು ನೋಡಿ, ನನ್ನತ್ತ ತಿರುಗಿ ತುಟಿಗೆ ಬೆರಳಿಟ್ಟರು.

"ಶ್! ಎಬ್ಸ್‌ಬ್ಯಾಡ. ಯಾರೋ ಏನೋ, ಪಾಪ, ಸುಸ್ತಾಯ್ ಮನಿಕಂಡಿರ್."