ಇಟಾಲಿಯನ್ ಕಲಿತ ಕಾಕಾನಿಗೆ ಬಾರದ ವಿದ್ಯೆ

ನಮ್ಮ ಮೂಡಲಗಿ ಕಾಕಾ ಜನ್ಮದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ಮನೆಯವರಿಗೆ ಇದೆಂಥ ಕಾಟ ಅಂತೀರಿ! ಗಣಿತದ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಮೊಬೈಲಿನಲ್ಲಿ ಪುಕ್ಕಟೆ ಇಟಾಲಿಯನ್ ಕಲಿಯಲು ಕೂತರು. ಅದೇ ಯಾಕೆ?

"ಇಂಗ್ಲಿಷ್ ಓಣಿಗೆಲ್ಲಾ ಬರ್ತೈತಿ. ತಪ್ಪಿದ್ರ ಹಿಡೀತಾರ!" ಎಂದರು.

'ನನಗೆ ಇದು ಬರುತ್ತದೆ, ಅದು ಬರುವುದಿಲ್ಲ' ಎನ್ನಲು ಕಲಿಸುವ ಪಾಠದವರೆಗೆ ಎಲ್ಲ ಸುಸೂತ್ರ. ಅಲ್ಲಿ 'ಸೊ ನುವೊತಾರೆ' ಎದುರಾಯಿತು. ನನಗೆ ಈಜು ಬರುತ್ತದೆ ಎಂದರ್ಥ; ಮೊಬೈಲಿಗೆ ಕೇಳುವಂತೆ ಗಟ್ಟಿಯಾಗಿ ಹೇಳಬೇಕು. ಕಾಕಾ ಬಾಯಿ ಬಿಡಲೊಲ್ಲರು! ಈಜು ಬಾರದೆ ಹಾಗೆ ಹೇಗೆ ಹೇಳುವುದು? ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿಕೊಂಡು ಅರಭಾವಿಯ ಗೆಳೆಯರ ಬಾವಿಯಲ್ಲಿ ಹದಿನೈದು ದಿನ ಮುಳುಗಿ ಎದ್ದರು. ಕೊನೆಗೆ ನೀರಿನಲ್ಲೇ ಆ ವಾಕ್ಯ ಕೂಗಿದರು. ದಂಡೆಯಲ್ಲಿದ್ದ ಮೊಬೈಲಿಗೆ ಅದು ಕೇಳಿಸಲೇ ಇಲ್ಲ!

ಮುಂದಿನದು, 'ನನಗೆ ಅಡುಗೆ ಬರುವುದಿಲ್ಲ.' ಗೋಕಾಕಿನಲ್ಲಿದ್ದ ನನಗೆ ಫೋನು.

"ಚಹಾ ಮಾಡಾಕ ಬರ್ತೈತಿ. ಅದು ಅಡಗಿ ಹೌದೋ ಅಲ್ಲೋ?"

"ಅಲ್ರಿ ಕಾಕಾ."

"ಬರದು ಕೊಡ್ತಿ ಏನು?"

ಹೀಗಿರುವಾಗ ಅವರ ಹೆಂಡತಿ, ನಮ್ಮ ಕಾಕೂ, ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡರು. ಪ್ಲಾಸ್ಟರ್ ಬಿಚ್ಚುವವರೆಗೆ ಅಕ್ಕನನ್ನು ಹುಕ್ಕೇರಿಗೆ ಕರೆದೊಯ್ಯುತ್ತೇನೆಂದು ಅವರ ತಂಗಿ ಹೇಳಿ ಕಳಿಸಿದರು. ಕಾಕಾನ ಮುಖ ಬಾಡಿತು.

"ನಾ ನೋಡ್ಕೋತೇನಿ, ಇಲ್ಲೇ ಇರು."

"ನಿಮಗ ಏನೇನ್ ಬರ್ತೈತ್ರಿ?"

ಕಾಕಾ ಹುರುಪಿನಿಂದ ತಮಗೆ ಬರುವುದನ್ನೆಲ್ಲ ಇಟಾಲಿಯನ್‌ನಲ್ಲಿ ಒಂದೊಂದಾಗಿ ಹೇಳಿದರು. ಕಾಕೂ ಪೂರಾ ಕೇಳಿ, "ನನ್ನ ಹೆರಳು ಹಾಕಾಕ ಬರ್ತೈತೇನ್ರಿ?" ಎಂದರು.

ಕಾಕಾ ನಲವತ್ತು ವರ್ಷ ಆ ಹೆರಳನ್ನು ನೋಡಿದ್ದಷ್ಟೇ, ಹೆಣೆದಿದ್ದಿಲ್ಲ. ಅವತ್ತೇ ಕಿಟಕಿಯ ಸರಳಿಗೆ ಮೂರು ಹಗ್ಗ ಕಟ್ಟಿ ಅಭ್ಯಾಸಕ್ಕೆ ನಿಂತರು.

ರವಿವಾರ ನಾನು ಹೋದಾಗ ಕಾಕೂನ ತಂಗಿ ಕಾರು ತಂದು ಬಾಗಿಲಲ್ಲಿದ್ದರು. ಕಾಕೂನ ಬೆನ್ನ ಮೇಲೆ ಸೊಟ್ಟಂಬಟ್ಟ ಹೆರಳು.

"ಅಯ್ಯ ಅಕ್ಕಾ, ಇದನ್ಯಾರು ಹಾಕ್ಯಾರ?"

"ನಾನ ಹಾಕೇನಿ," ಎಂದರು ಕಾಕಾ. ಅಷ್ಟಕ್ಕೇ ನಿಲ್ಲಿಸಬಾರದೆ ಮಹಾರಾಯರು! "ಖರೆ ಹೇಳಬೇಕಂದ್ರ, ಇನ್ನೂ ಸರಿ ಬರೂದಿಲ್ಲ. ನೀ ಕರ್ಕೊಂಡು ಹೋಗೂದ ಛಲೋ."

ಕಾಕೂ ಎಡಗೈಯಿಂದ ಹೆರಳನ್ನು ಮುಂದೆ ಎಳೆದುಕೊಂಡು ಸವರಿದರು. "ಏನ್ ಛಂದ ಹಾಕ್ಯಾರ ನೋಡು! ನನಗೂ ಇಷ್ಟು ಛಲೋ ಬರೂದಿಲ್ಲ. ನಾ ಎಲ್ಲಿಗೂ ಬರೂದಿಲ್ಲವಾ."

ಹಸಿ ಹಸಿ ಸುಳ್ಳು! ಕಾಕಾ ತಿದ್ದಲಿಲ್ಲ. ಬಿಚ್ಚಿಕೊಳ್ಳುತ್ತಿದ್ದ ಹೆರಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅವರ ಬಾಜೂಕ್ಕೆ ನಿಂತೇ ಇದ್ದರು. ನನಗೆ ಕಣ್ಣು ತುಂಬಿ ಬಂತು.