ಮಾವನ ತಲೆಯ ಮೇಲೆ ಪನಿ

ಮದರಾಸಿನಲ್ಲಿ ಚಳಿಗಾಲ ಎಂಬುದೇನಾದರೂ ಇದ್ದರೆ ಅದು ನಮ್ಮ ಸೋದರಮಾವನ ತಲೆಯ ಮೇಲೆ ಮಾತ್ರ ಇತ್ತು! ಧನುರ್ಮಾಸ ಬಂತೆಂದರೆ ಮೈಲಾಪುರದ ಉಳಿದವರು ಫ್ಯಾನಿನ ವೇಗ ಸ್ವಲ್ಪ ಇಳಿಸುತ್ತಿದ್ದರು, ಅಷ್ಟೆ. ಮಾವ ಮಾತ್ರ ಕಿವಿಗೆ ಹತ್ತಿ ತುರುಕಿ, ಅತ್ತೆ ಹೆಣೆದುಕೊಟ್ಟ ಮಂಕಿ ಕ್ಯಾಪನ್ನು ಗಂಟಲವರೆಗೆ ಎಳೆದುಕೊಂಡು, ಕೊಡೆ ಬಿಚ್ಚಿ ದೇವಸ್ಥಾನದ ಹುಗ್ಗಿಗೆ ಹೊರಡುತ್ತಿದ್ದರು.

"ಎನ್ನ ಸಾರ್, ಮಳೆಯಾ?" ಎಂದು ಹಾಲಿನವನು ಆಕಾಶ ನೋಡುತ್ತಿದ್ದ.

"ಪನಿ" ಎಂದು ಮಾವ ಗಂಭೀರವಾಗಿ ಹೇಳುತ್ತಿದ್ದರು.

ಪನಿ ಎಂದರೆ ತಮಿಳಿನಲ್ಲಿ ಇಬ್ಬನಿ. ಅದು ತಲೆಗೆ ಬಿದ್ದರೆ ನೆಗಡಿ, ನೆಗಡಿಯಿಂದ ಜ್ವರ, ಜ್ವರದಿಂದ ಮುಂದಿನದ್ದನ್ನು ಮಾವ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮೇಲಕ್ಕೆ ಕೈ ತೋರಿಸುತ್ತಿದ್ದರು. ಇಬ್ಬನಿಗೆ ಕೊಡೆ ಹಿಡಿದ ಇನ್ನೊಬ್ಬರನ್ನು ನೀವು ಕಂಡಿದ್ದೀರಾ?

ಅತ್ತೆಯದು ಬೇರೆಯೇ ಹುಚ್ಚು. ಅವರು ಸಾಸಿವೆ ಹಾಕಿಡುತ್ತಿದ್ದ ಬಿಸ್ಕತ್ತಿನ ಡಬ್ಬದ ಮುಚ್ಚಳದ ಮೇಲೊಂದು ಹಿಮದ ಬೆಟ್ಟವಿತ್ತು. ಅದನ್ನು ನೋಡುತ್ತ ನಿಂತು ಎಷ್ಟು ಒಗ್ಗರಣೆ ಸೀದುಹೋಯಿತೋ! "ಒಂದೇ ಒಂದ್ಸಲ ಇದನ್ನ ಕೈಯಲ್ಲಿ ಮುಟ್ಟಿ ನೋಡ್ಬೇಕು ರೀ" ಎನ್ನುತ್ತಿದ್ದರು. ಮಾವ ರೈಲ್ವೆ ನೌಕರರು. ಪ್ರತಿ ವರ್ಷ ಪಾಸು ಬರುತ್ತಿತ್ತು, ಪ್ರತಿ ವರ್ಷ ಕುಂಭಕೋಣಕ್ಕೇ ಹೋಗುತ್ತಿತ್ತು.

ಒಂದು ಡಿಸೆಂಬರಿನಲ್ಲಿ ಆಫೀಸಿನ ಗೆಳೆಯರೊಬ್ಬರು ಸಿಮ್ಲಾದಾಚೆಯ ಹಳ್ಳಿಯೊಂದನ್ನು ಹೊಗಳಿ, "ಆನಾ ಅಂಗೆ ಪನಿ ಇರುಕ್ಕುಂ", ಆದರೆ ಅಲ್ಲಿ ಪನಿ ಇರುತ್ತದೆ, ಎಂದು ಎಚ್ಚರಿಸಿದರಂತೆ.

"ಪನಿ ತಾನೆ? ನನ್ ಹತ್ರ ಕೊಡೆ ಇದೆ" ಎಂದುಬಿಟ್ಟರು ಮಾವ.

ತಮಿಳಿನಲ್ಲಿ ಹಿಮಕ್ಕೂ ಅದೇ ಮಾತು ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಅತ್ತೆಗೆ ಹೊಳೆಯಿತು, ಆದರೆ ತುಟಿ ಪಿಟಕ್ಕೆನ್ನದೆ ಚಕ್ಕುಲಿ ಕರಿದು ಗಂಟು ಕಟ್ಟಿದರು. ನಾನೂ ಜೊತೆಗೆ ಹೊರಟೆ.

ಹಳ್ಳಿ ತಲುಪಿದ ಮರುದಿನ ಬೆಳಿಗ್ಗೆ ಮಾವ ಪಂಚೆ ಉಟ್ಟು, ಚಪ್ಪಲಿ ಮೆಟ್ಟಿ ಬಾಗಿಲು ತೆರೆದರು. ಊರಿಗೆ ಊರೇ ಬೆಳ್ಳಗಾಗಿತ್ತು.

"ಯಾರೇ ಇಷ್ಟೊಂದು ಸುಣ್ಣ ಸುರಿದೋರು?"

"ಪನಿ ರೀ" ಎಂದರು ಅತ್ತೆ, ಮೆಲ್ಲಗೆ.

ಮಾವ ಬಾಗಿಲು ಹಾಕಿ ಅಗುಳಿ ಜಡಿದರು. ಯಾರೂ ಹೊರಗೆ ಕಾಲಿಡುವ ಹಾಗಿಲ್ಲ ಎಂದು ಆಜ್ಞೆಯಾಯಿತು. ಊರ ಮಕ್ಕಳು ಬರಿದಲೆಯಲ್ಲಿ ಹಿಮ ಎರಚಾಡುವುದನ್ನು ಕಿಟಕಿಯಿಂದ ನೋಡಿ, "ಇವರಿಗೆ ಹೇಳೋರು ಕೇಳೋರು ಯಾರೂ ಇಲ್ವೆ?" ಎಂದು ಮಾವ ಚಕ್ಕುಲಿ ಕಡಿದರು. ನಾವು ಹಿಮ ನೋಡಿದ್ದು ಹೀಗೆ, ರಜಾಯಿ ಹೊದ್ದು, ಗಾಜಿನ ಹಿಂದಿನಿಂದ! ಬಿಸ್ಕತ್ತಿನ ಡಬ್ಬವಾದರೂ ಕೈಗೆ ಸಿಗುತ್ತಿತ್ತು.

ಹೊರಡುವ ದಿನ ಬಂತು. ಅತ್ತೆ ಜಗಳವಾಡಲಿಲ್ಲ. ಗಂಟುಮೂಟೆ ಕಟ್ಟಿ, ಕಿಟಕಿಯ ಗಾಜಿಗೆ ಅಂಗೈ ಒತ್ತಿಕೊಂಡು ಕುಳಿತರು. ಮಾವ ಆ ಕೈಯನ್ನೇ ನೋಡಿದರು, ಒಂದೆರಡು ಸಲ ಕೆಮ್ಮಿದರು. ಆಮೇಲೆ ಎದ್ದು ಅಗುಳಿ ತೆಗೆದು, "ಬಾರೆ" ಎಂದು ಕೊಡೆ ಬಿಚ್ಚಿದರು.

ಹೊರಗೆ ಹಿಮ ಬೀಳುತ್ತಿತ್ತು, ಎಲ್ಲವೂ ಕೊಡೆಯ ಮೇಲೆಯೇ! ಅತ್ತೆ ಕೈ ಚಾಚಿದತ್ತ ಕೊಡೆಯೂ ಹಿಂಬಾಲಿಸುತ್ತಿತ್ತು.

"ಹೀಗೆ ನಿಲ್ಲೋಕೆ ಮೈಲಾಪುರ ಸಾಲ್ತಿರ್ಲಿಲ್ವೇನ್ರೀ?"

ಮಾವ ಕೊಡೆ ಮಡಿಸಿದರು. ತಮ್ಮ ಮಂಕಿ ಕ್ಯಾಪು ಕಳಚಿ ಅತ್ತೆಯ ತಲೆಗೆ ತೊಡಿಸಿ, ಕಿವಿಯವರೆಗೆ ಎಳೆದರು.

"ನಿಮಗೋ?"

"ನಂಗೆ ಅಭ್ಯಾಸ ಇದೆ" ಎಂದರು ನಮ್ಮ ಮಾವ.

ಅತ್ತೆ ಎರಡೂ ಕೈಯಲ್ಲಿ ಹಿಮ ಬಾಚಿ, ನಕ್ಕು, ಅತ್ತು, ಕೊನೆಗೆ ಸೆರಗಿನಿಂದ ಮಾವನ ಬೋಳುತಲೆ ಒರೆಸತೊಡಗಿದರು. ಒರೆಸಿದಷ್ಟೂ ಹಿಮ ಬೀಳುತ್ತಿತ್ತು. ಮಾವ ತಲೆ ಬಗ್ಗಿಸಿ, ಚಪ್ಪಲಿಯ ಕಾಲಲ್ಲಿ ನಡುಗುತ್ತ, ನಿಂತೇ ಇದ್ದರು.