ಬಿಳಿ ಡಬ್ಬದ ಕಾವಲು

ಭಾನುವಾರ, ಬೆಳಿಗ್ಗೆ ಆರು ಗಂಟೆ. ಹಾಜರಿದ್ದವರು: ನಾನು, ನನ್ನ ಹೆಂಡತಿ, ಕೊಬ್ಬರಿ ಕಾಯಿ ಇಳಿಸಲು ಹಾಲ್ಕುರಿಕೆಯಿಂದ ಬಂದಿದ್ದ ಸಿದ್ದಣ್ಣ. ಅಟ್ಟದ ಮೇಲೆ ನನ್ನ ತಮ್ಮ. ಅವನನ್ನು ಹಾಜರು ಎಂದು ಬರೆಯಬೇಕೋ ಗೈರುಹಾಜರು ಎಂದೋ, ಮೂವತ್ತೈದು ವರ್ಷ ಡ್ರಿಲ್ ಮೇಷ್ಟರಾಗಿದ್ದ ನನಗೇ ಇನ್ನೂ ತೀರ್ಮಾನವಾಗಿಲ್ಲ!

ನಮ್ಮ ತಿಪಟೂರು ಸೀಮೆಯಲ್ಲಿ ವರ್ಷಗಟ್ಟಲೆ ಸುಮ್ಮನೆ ಬಿದ್ದಿರುವ ಹಕ್ಕು ತೆಂಗಿನಕಾಯಿಗೆ ಮಾತ್ರ ಎಂದು ತಿಳಿದಿದ್ದೆ. ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಸಾಕು, ಒಳಗಿನ ನೀರು ಇಂಗಿ ತಾನೇ ಕೊಬ್ಬರಿಯಾಗುತ್ತದೆ. ಕಳೆದ ವರ್ಷ ಆ ಕಾಯಿಗಳ ಹಿಂದೆಯೇ ತಮ್ಮ ತನ್ನ ಹಳೆಯ ಕ್ಯಾನ್‌ವಾಸ್ ಹೊತ್ತು ಅಟ್ಟ ಹತ್ತಿದ. ಕಾಯಿ ಕೊಬ್ಬರಿಯಾಯಿತು. ಚಿತ್ರ ಮಾತ್ರ ಮುಗಿಯಲಿಲ್ಲ!

ಅವನು ಅಮೂರ್ತ ಚಿತ್ರಕಾರ. ಅಂದರೆ, ಏನು ಬರೆದಿದ್ದೀಯೆಂದು ಕೇಳಿದರೆ ಕೋಪ, ಕೇಳದಿದ್ದರೆ ಬೇಜಾರು. ನಾನು ಚಿಕ್ಕನಾಯಕನಹಳ್ಳಿ ಶಾಲೆಯಲ್ಲಿದ್ದಾಗ, ಗೋಡೆಯ ಮೇಲೆ ಕರ್ನಾಟಕದ ನಕ್ಷೆ ಬರೆದುಕೊಡು ಎಂದು ಕರೆಸಿದ್ದೆ. ಮೂರು ದಿನ ಕೂತು ಗೋಡೆಗೆಲ್ಲ ಕೆಮ್ಮಣ್ಣಿನ ಬಣ್ಣ ಬಳಿದ. ಹೆಡ್‌ಮಾಸ್ಟರು ಬಂದು, “ಇದ್ರಲ್ಲಿ ನಮ್ಮೂರು ಎಲ್ಲಪ್ಪಾ?” ಎಂದರು. “ತಾವು ನಿಂತಿರೋದೇ ಅಲ್ವಾ ಸಾ!” ಎಂದ. ಅವರು ಕಾಲೆತ್ತಿ ಕೆಳಗೆ ನೋಡಿಕೊಂಡರು.

ಅವನ ದೊಡ್ಡ ಕಾಯಿಲೆ ಇನ್ನೊಂದಿದೆ. ಚಿತ್ರ ಮುಗಿಯಿತು ಎನ್ನುವಷ್ಟರಲ್ಲಿ ಅದರ ಮೇಲೆ ಬಿಳಿ ಬಣ್ಣ ಬಳಿದುಬಿಡುತ್ತಾನೆ. ಒಂದೇ ಕ್ಯಾನ್‌ವಾಸಿನಲ್ಲಿ ಹನ್ನೊಂದು ಚಿತ್ರ ಹೀಗೆ ಸಮಾಧಿಯಾಗಿವೆ, ಇದು ಹನ್ನೆರಡನೆಯದು. ಅದನ್ನು ಪ್ರದರ್ಶನಕ್ಕೆ ಒಯ್ಯಲು ತುಮಕೂರಿನವರು ಅವತ್ತು ನಾಲ್ಕು ಗಂಟೆಗೆ ಬರುವವರಿದ್ದರು. ಅರವತ್ತೊಂದನೆಯ ವಯಸ್ಸಿಗೆ ಅವನ ಮೊದಲ ಪ್ರದರ್ಶನ! ಹೆಂಡತಿ ನನಗೆ ಡ್ಯೂಟಿ ಹಾಕಿದಳು: “ಆ ಬಿಳಿ ಡಬ್ಬ ಮುಟ್ಟಕ್ಕೆ ಬಿಡ್ಬೇಡಿ ಕಣ್ರೀ. ಈ ಸಲಾನೂ ಬಳ್ದ್ರೆ ಆ ಮನುಷ್ಯ ಇನ್ನು ಕುಂಚ ಹಿಡಿಯಲ್ಲ.”

ಆರೂಕಾಲಿಗೆ ಅಟ್ಟ ಹತ್ತಿದೆ. ಸಿದ್ದಣ್ಣ ಒಂದೊಂದೇ ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಗಡಗಡ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಇಳಿಸಬಹುದು. ಗುಳುಗುಳು ಎಂದರೆ ಇನ್ನೂ ನೀರಿದೆ, ಅಟ್ಟದಲ್ಲೇ ಇರಬೇಕು. ಪಕ್ಕದಲ್ಲಿ ತಮ್ಮನೂ ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಿದ್ದ. ಕ್ಯಾನ್‌ವಾಸನ್ನು!

“ಏನ್ಲಾ ಅದು?”

“ಇನ್ನೂ ನೀರೈತೆ ಕಣಣ್ಣ.”

ಚಿತ್ರ ನೋಡಿದೆ. ಮೇಲಿಂದ ಕೆಳಗೆ ಹೊಗೆಗಪ್ಪು, ನಡುವೆ ಕೂದಲೆಳೆಯಂಥ ಒಂದು ಬಿಳಿ ಗೆರೆ.

“ಕೊಬ್ಬರಿ ಚಿಪ್ಪು ಬುಡೋ ಗಳಿಗೆ ಇದು. ಅದನ್ನ ಯಾರೂ ಕಂಡಿಲ್ಲ. ಸದ್ದು ಕೇಳವ್ರೆ ಅಷ್ಟೇ. ಮನುಷ್ಯಾನೂ ಹಂಗೇ ಅಣ್ಣ, ಕತ್ಲಲ್ಲೇ ಬೆಳೀತಾನೆ. ಈ ಒಂದು ವರ್ಷದಲ್ಲಿ ನಾನು ಬೆಳ್ದಿದೀನಿ.”

“ಅರವತ್ತೊಂದಕ್ಕೆ ಬೆಳ್ದಿರೋದು ಹೊಟ್ಟೆ ಕಣ್ಲಾ!”

“ತಡೀರಿ ಮೇಷ್ಟ್ರೇ, ನೋಡೇ ಬುಡಾಣ,” ಎಂದು ಸಿದ್ದಣ್ಣ ತಮ್ಮನ ಭುಜ ಹಿಡಿದು ಅಲ್ಲಾಡಿಸಿ ಎದೆಗೆ ಕಿವಿಗೊಟ್ಟ. “ಕಾಫಿ ಗುಳುಗುಳು ಅಂತೈತೆ. ಇವ್ರು ಇನ್ನೊಂದೊರ್ಷ ಅಟ್ಟದ ಮೇಲೇ ಇರ್ಲಿ!”

ಬಿಳಿ ಡಬ್ಬವನ್ನು ವಶಪಡಿಸಿಕೊಂಡೆ. ಬೆಳಿಗ್ಗೆಯೆಲ್ಲ ಅದರ ಮೇಲೇ ಕೂತೆ. ಹನ್ನೆರಡೂವರೆಗೆ ಊಟಕ್ಕೂ ಜೊತೆಯಲ್ಲೇ ಒಯ್ದೆ; ಹೆಂಡತಿ ಮೊಸರೆಂದು ಮುಚ್ಚಳ ತೆಗೆದು ಸೌಟು ಹಾಕಿದಳು. ತಮ್ಮ ಊಟಕ್ಕೆ ಇಳಿಯಲೇ ಇಲ್ಲ. ಮೂರು ಗಂಟೆಗೆ ಹದಿನೈದು ನಿಮಿಷ ಮಲಗುವುದು ನನ್ನ ನಿಯಮ. ಆ ನಿಯಮವೇ ಮೋಸ ಮಾಡಿತು! ಎದ್ದು ನೋಡುತ್ತೇನೆ, ಡಬ್ಬವಿಲ್ಲ.

ಏಣಿಯನ್ನು ಎರಡೆರಡು ಮೆಟ್ಟಿಲು ಹಾರಿ ಹತ್ತಿದೆ. ಎಪ್ಪತ್ತೊಂದರಲ್ಲಿ! ಬಿಳಿ ತೊಟ್ಟಿಕ್ಕುವ ಕುಂಚ ಹಿಡಿದು ಅವನು ಚಿತ್ರದೆದುರು ನಿಂತಿದ್ದ.

“ನಿಲ್ಲು!” ಎಂದೆ, ಡ್ರಿಲ್ ದನಿಯಲ್ಲಿ. ನಿಂತ. ಪಾಪ, ಹಿಮ್ಮಡಿ ಜೋಡಿಸಿಯೇ ನಿಂತ.

“ಯಾಕ್ಲಾ ಬಳೀತೀಯ?”

ನಗುತ್ತಲೇ ಹೇಳಿದ: “ನೀನೇ ಅಲ್ವಾ ಕಲ್ಸಿದ್ದು? ‘ಸ್ಲೇಟು ಒರ್ಸಿ ಊಟಕ್ಕೆ ಬಾ’ ಅಂತ. ಒರ್ಸ್ದೆ ಇದ್ರೆ ಈಗ್ಲೂ ಅನ್ನ ಸೇರಲ್ಲ ಕಣಣ್ಣ.”

ಅಪ್ಪ ತೀರಿಕೊಂಡಾಗ ನನಗೆ ಹದಿನೇಳು, ಅವನಿಗೆ ಏಳು. ಮನೆಯ ಶಿಸ್ತು ನನ್ನ ಪಾಲಿಗೆ ಬಂತು. ಸಂಜೆ ಏಳಕ್ಕೆ ಸರಿಯಾಗಿ ಅವನ ಸ್ಲೇಟು ಒರೆಸಿಸಿ ತಟ್ಟೆ ಹಾಕುತ್ತಿದ್ದೆ. ಸ್ಲೇಟಿನ ಮೇಲೆ ಏನಿರುತ್ತಿತ್ತು? ಒಂದು ದಿನವೂ ನೋಡಿರಲಿಲ್ಲ.

ಕುಂಚವನ್ನು ಅವನ ಕೈಯಿಂದ ತೆಗೆದುಕೊಂಡೆ. ಬಗ್ಗಿ ಕ್ಯಾನ್‌ವಾಸಿಗೆ ಕಿವಿಗೊಟ್ಟು, “ಅಲ್ಲಾಡ್ಸು” ಎಂದೆ. ಅಲ್ಲಾಡಿಸಿದ.

“ಗಡಗಡ ಅಂತೈತೆ. ನೀರಿಲ್ಲ, ಇಳ್ಸು.”

“ದಿಟವಾ?”

“ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನೇನ್ಲಾ?”

ನಾಲ್ಕಕ್ಕೆ ಕಾರು ಬಂತು. ನಾಲ್ಕೂಕಾಲಿಗೆ ಚಿತ್ರ ಹೋಯಿತು. ನಾಲ್ಕೂವರೆಗೆ ನಾನೇ ತಮ್ಮನಿಗೆ ತಟ್ಟೆ ಹಾಕಿದೆ. ಎರಡು ಸಲ ಅನ್ನ ಹಾಕಿಸಿಕೊಂಡ. ಐದೂವರೆಗೆ ಬಿಳಿ ಡಬ್ಬದ ಮುಚ್ಚಳ ಬಿಗಿದು, ಕುಂಚ ತೊಳೆದು, ಅಟ್ಟದ ಗೂಟಕ್ಕೆ ನೇತುಹಾಕಿ ಇಳಿದೆ.